ದಿನಕ್ಕೊಂದು ಪದ್ಯ



ದಿನಕ್ಕೊಂದು ಪದ್ಯ ಬರೆಯುವವನೆಂದು ಗೊತ್ತಾದ ಕೂಡಲೆ ಜನ ಕೇಳುವ ಪ್ರಶ್ನೆಗಳು ಎರಡು. ಮೊದಲನೆಯದು: "ದಿನಾ ಹೊಳೆಯುತ್ತದೆಯೇ ಮೇಷ್ಟ್ರೇ?" ಎರಡನೆಯದನ್ನು ಸ್ವಲ್ಪ ಮೆತ್ತಗೆ ಕೇಳುತ್ತಾರೆ: "ಇದರಿಂದ ಆಗುವುದೇನು?" ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಸುಲಭವಾದುದು, ದಿನಾ ಹೊಳೆಯುವುದಿಲ್ಲ, ದಿನಾ ಬರೆಯುತ್ತೇನೆ, ಅಷ್ಟೆ. ಎರಡನೆಯದಕ್ಕೆ ಉತ್ತರ ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಅದನ್ನು ಕಲಿಸಿದವನು ನನ್ನ ತರಗತಿಯ ಒಬ್ಬ ಹುಡುಗ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ನಾನು ಪ್ರೌಢಶಾಲೆಯ ಕನ್ನಡ ಉಪಾಧ್ಯಾಯ. ಹೊಳೆನರಸೀಪುರದಲ್ಲಿ ಕೆಲಸಕ್ಕೆ ಸೇರಿ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಗಳಲ್ಲಿ ಸುತ್ತಿ, ಈಗ ಹಾಸನಕ್ಕೆ ಬಂದು ನಿಂತಿದ್ದೇನೆ. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಮನೆಯ ಸಾಮಾನಿನೊಡನೆ ಒಂದು ಅಭ್ಯಾಸವೂ ನನ್ನ ಜತೆಗೆ ಊರೂರು ತಿರುಗಿತು. ಬೆಳಗಿನ ಮೊದಲ ಗಂಟೆ ಹೊಡೆಯುವುದಕ್ಕೆ ಮುಂಚೆ ಕರಿಹಲಗೆಯ ಬಲಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಪದ್ಯ ಬರೆಯುವುದು. ಸಂಜೆ ಹೋಗುವಾಗ ಅಳಿಸುವುದು. ವಿಷಯ ದೊಡ್ಡದಲ್ಲ. ಬಸ್ಸು, ಮಳೆ, ಕೊಡೆ, ಸಂತೆ, ಹೊಳೆಯ ನೀರು, ಸೋರುವ ಮಾಡು, ಕಳೆದುಹೋದ ಪೆನ್ಸಿಲು. ಅಳಿಸುವುದೇತಕ್ಕೆಂದು ಕೇಳುತ್ತೀರೋ? ಹತ್ತರಲ್ಲಿ ಎಂಟು ಅಳಿಸುವುದಕ್ಕೇ ಯೋಗ್ಯವಾಗಿರುತ್ತವೆ. ಉಳಿದೆರಡನ್ನು ಯಾರಾದರೂ ಹುಡುಗಿಯರು ನೋಟುಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿರುತ್ತಾರೆ. ಅದಕ್ಕಿಂತ ಒಳ್ಳೆಯ ಪ್ರಕಟಣೆ ನನಗೆ ತಿಳಿಯದು.

ಇದೇನೂ ಹೊಸ ಸಂಗತಿಯಲ್ಲ. ಕನ್ನಡದಲ್ಲಿ ಮೇಷ್ಟರ ಕೆಲಸಕ್ಕೂ ಪದ್ಯದ ಕೆಲಸಕ್ಕೂ ಹಳೆಯ ನಂಟು. ರಾಮಾಶ್ವಮೇಧದ ಮುದ್ದಣ (1870–1901) ಉಡುಪಿ, ಕುಂದಾಪುರಗಳಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ಉಪಾಧ್ಯಾಯ. ಪಂಜೆ ಮಂಗೇಶರಾಯರು (1874–1937) ಶಾಲಾ ಉಪಾಧ್ಯಾಯರಾಗಿ, ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರಾಗಿ ದುಡಿದವರು. ಮಕ್ಕಳ ಬಾಯಲ್ಲಿ ನಿಲ್ಲುವಂಥ ಹಾಡುಗಳನ್ನು ಕಟ್ಟಿದವರು. ಬೇಂದ್ರೆಯವರು ಧಾರವಾಡದ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಜಿ. ಪಿ. ರಾಜರತ್ನಂ ಎಳೆಯ ಮಕ್ಕಳಿಗಾಗಿ ಬರೆದ ಪದ್ಯಗಳನ್ನು ಹಾಡದೆ ಬೆಳೆದ ಕನ್ನಡದ ಮಗು ಅಪರೂಪ. ತರಗತಿಯಲ್ಲಿ ಪದ್ಯ ಸತ್ತಿದೆಯೋ ಬದುಕಿದೆಯೋ ಎಂಬುದು ಉಪಾಧ್ಯಾಯನಿಗೆ ಒಡನೆ ತಿಳಿಯುತ್ತದೆ; ನಲವತ್ತು ಜೊತೆ ಕಣ್ಣು ಸಾಕ್ಷಿ ಹೇಳುತ್ತವೆ.

ಆದರೆ ದಿನನಿತ್ಯದ ಸಂಗತಿಯನ್ನು ನಾಲ್ಕೇ ಸಾಲಿನಲ್ಲಿ ಹೇಳಿ ಮುಗಿಸುವ ಕ್ರಮವನ್ನು ಮನೆಮಾತಾಗಿ ಮಾಡಿದವರು ಉತ್ತರ ಕನ್ನಡದ ದಿನಕರ ದೇಸಾಯಿಯವರು (1909–1982). ವೃತ್ತಿಯಿಂದ ಅವರು ಉಪಾಧ್ಯಾಯರಲ್ಲ. ಆದರೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ, ಹಳ್ಳಿಗಾಡಿನ ಮಕ್ಕಳಿಗೆ ಶಾಲೆಗಳನ್ನು ತೆರೆದು, ನೂರಾರು ಉಪಾಧ್ಯಾಯರಿಗೆ ಕೆಲಸ ಒದಗಿಸಿದವರು. ಗೇಣಿದಾರ ರೈತರ ಪರವಾಗಿ ಹೋರಾಡಿದರು. 1967ರಲ್ಲಿ ಲೋಕಸಭೆಗೆ ಆರಿಸಿಬಂದರು. ಈ ಎಲ್ಲ ಓಡಾಟದ ನಡುವೆ ತಮ್ಮ 'ಜನಸೇವಕ' ವಾರಪತ್ರಿಕೆಯಲ್ಲಿ ಚುಟುಕಗಳನ್ನು ಬರೆಯುತ್ತ ಹೋದರು. ಜನ ಅವರನ್ನು 'ಚುಟುಕ ಬ್ರಹ್ಮ'ರೆಂದು ಕರೆದರು. ಪದ್ಯ ಬರೆಯುವುದಕ್ಕೆ ಬಿಡುವು ಬೇಕೆನ್ನುವವರು ಅವರ ದಿನಚರಿಯನ್ನು ನೆನೆಯಬೇಕು. ಬಿಡುವಿಲ್ಲದವನಿಗೆ ನಾಲ್ಕು ಸಾಲಿನ ಪದ್ಯವೇ ಸರಿಯಾದ ಅಳತೆ. ಬಸ್ಸಿಗೆ ಕಾಯುವಾಗ ಹುಟ್ಟಿ, ಬಸ್ಸು ಇಳಿಯುವಷ್ಟರಲ್ಲಿ ಮುಗಿಯುತ್ತದೆ.

ಇನ್ನು ಇದರ ಕಟ್ಟಡವನ್ನು ವಿವರಿಸುತ್ತೇನೆ. ಛಂದಸ್ಸೆಂದರೆ ಹೆದರಬೇಡಿ. ಹತ್ತನೆಯ ಶತಮಾನದಲ್ಲಿಯೇ ನಾಗವರ್ಮನು ಛಂದೋಂಬುಧಿಯನ್ನು ಬರೆದು ಕನ್ನಡ ಪದ್ಯದ ಲೆಕ್ಕವನ್ನು ತಿಳಿಸಿದ್ದಾನೆ. ನಮಗೆ ಬೇಕಾದುದು ಅದರಲ್ಲಿ ಒಂದು ಹಿಡಿಯಷ್ಟು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರಕ್ಕೆ ಎರಡು ಮಾತ್ರೆ, ಅದು ಗುರು. ಅನುಸ್ವಾರವಿದ್ದ ಅಕ್ಷರವೂ, ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ. ಮಾತ್ರೆ ಎಂದರೆ ಉಚ್ಚಾರಣೆಗೆ ಹಿಡಿಯುವ ಕಾಲ. ರೇಡಿಯೋ ಕೇಳುವ ನಿಮ್ಮ ಕಿವಿಗೆ ಈ ಲೆಕ್ಕ ಆಗಲೇ ಗೊತ್ತು, ಹೆಸರು ಮಾತ್ರ ಹೊಸದು. ಐದೈದು ಮಾತ್ರೆಗಳ ನಾಲ್ಕು ಗಣ ಸೇರಿದರೆ ಇಪ್ಪತ್ತು ಮಾತ್ರೆಯ ಒಂದು ಸಾಲಾಯಿತು. ಅಂಥ ನಾಲ್ಕು ಸಾಲು, ಎರಡೆರಡಕ್ಕೆ ಅಂತ್ಯಪ್ರಾಸ. ಇಷ್ಟೇ ನನ್ನ ಬಂಡವಾಳ. ಹೊಳೆನರಸೀಪುರದ ಬಸ್ಸಿನಲ್ಲಿ ಒಂದು ದಿನ ಕಂಡದ್ದು ಹೀಗೆ ಪದ್ಯವಾಯಿತು:

ಬಸ್ಸಿನಲಿ ಸೀಟಿಲ್ಲ; ನಿಂತಿಹುದು ಊರೆಲ್ಲ;
ಕುಳಿತವರ ಕಣ್ಣೆಲ್ಲ ಕಿಟಕಿಯಾಚೆಗೆ ಮೆಲ್ಲ.
ಅಜ್ಜಿಯೊಬ್ಬಳು ಬಂದು ಕಂಬಿಯನು ಹಿಡಿದಾಗ
ಎದ್ದವನು ಕೊನೆಬೆಂಚ ಹುಡುಗನೇ, ಬಲುಬೇಗ.

ಮೊದಲ ಸಾಲನ್ನು ಒಡೆದು ನೋಡಿ: ಬಸ್ಸಿನಲಿ | ಸೀಟಿಲ್ಲ | ನಿಂತಿಹುದು | ಊರೆಲ್ಲ. 'ಬಸ್ಸಿನಲಿ' ಎಂಬಲ್ಲಿ 'ಬ' ಒತ್ತಕ್ಷರದ ಹಿಂದಿದೆ, ಆದುದರಿಂದ ಎರಡು ಮಾತ್ರೆ, ಉಳಿದ ಮೂರಕ್ಕೆ ಒಂದೊಂದು, ಒಟ್ಟು ಐದು. 'ಸೀಟಿಲ್ಲ' ಎಂಬಲ್ಲಿ ಎರಡು, ಎರಡು, ಒಂದು, ಅದೂ ಐದು. ಬಸ್ಸು, ಸೀಟು ಇವು ಇಂಗ್ಲಿಷಿನಿಂದ ಬಂದ ಮಾತುಗಳು. ಆದರೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿದ ಮೇಲೆ ಅವೂ ಕನ್ನಡದ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಮೂರನೆಯ ಸಾಲಿನಲ್ಲಿ ಗಣವು ಮಾತಿನ ನಡುವೆಯೇ ಮುರಿಯುತ್ತದೆ: ಅಜ್ಜಿಯೊ | ಬ್ಬಳು ಬಂದು. ಇದು ತಪ್ಪಲ್ಲ. ಎಲ್ಲ ಗಣಗಳೂ ಪದದ ಕೊನೆಯಲ್ಲಿಯೇ ನಿಂತರೆ ಪದ್ಯವು ಡ್ರಿಲ್ಲಿನ ಸಾಲಿನಂತಾಗುತ್ತದೆ.

ಮಾತ್ರೆಯ ಲೆಕ್ಕ ಕೆಲವೊಮ್ಮೆ ಪಂಡಿತನ ಕಿವಿಯನ್ನೇ ಹಿಂಡುತ್ತದೆ. ನಮ್ಮ ಜಿಲ್ಲೆ ಆಲೂಗಡ್ಡೆಗೆ ಹೆಸರಾದುದು. ಅದನ್ನು ಕುರಿತು 'ಹಾಸನದ ಸಂತೆಯಲಿ ಆಲೂಗಡ್ಡೆಯ ರಾಶಿ' ಎಂದು ಬರೆದೆ. ಓದಿದರೆ ಎಲ್ಲೋ ಎಡವುತ್ತದೆ. ಎಣಿಸಿ ನೋಡಿದೆ. 'ಆಲೂಗ' ಎಂಬಷ್ಟರಲ್ಲಿಯೇ ಆರು ಮಾತ್ರೆ ಆಗಿಹೋಗಿದೆ. 'ಗೆಡ್ಡೆಗಳ ಹಿರಿರಾಶಿ' ಎಂದು ತಿದ್ದಿದೆ. ಲೆಕ್ಕ ಸರಿಹೋಯಿತು, ಆದರೆ ಯಾವ ಗೆಡ್ಡೆ? ಗೆಣಸೋ, ಸುವರ್ಣಗೆಡ್ಡೆಯೋ? ಮರುದಿನ ಸಂತೆಯಲ್ಲಿ ಚೀಲ ಹಿಡಿದು ನಿಂತಿರುವಾಗ ಮಾರುವವನು ಕೂಗಿದ್ದು ಕೇಳಿಸಿತು. ಅವನು 'ಆಲೂ' ಎಂದು ಎಳೆಯಲಿಲ್ಲ. 'ಆಲುಗಡ್ಡೆ' ಎಂದು ಮೊಟಕಾಗಿಯೇ ಕೂಗಿದ. ಆಲುಗ | ಡ್ಡೆಯ ರಾಶಿ: ಐದು, ಐದು! ಪುಸ್ತಕದ ಕಾಗುಣಿತ ಎಡವಿದ ಕಡೆ ಸಂತೆಯ ಉಚ್ಚಾರಣೆ ನೆಟ್ಟಗೆ ನಡೆಯಿತು. ಪದ್ಯ ಬರೆಯುವವನು ನಿಘಂಟನ್ನು ಮುಚ್ಚಬೇಕೆಂದು ಇದರ ಅರ್ಥವಲ್ಲ. ಕಿವಿಯನ್ನು ತೆರೆದಿಡಬೇಕೆಂದು ಅರ್ಥ. ಕುರಿತು ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತ ಜನ ಈ ನಾಡಿನವರೆಂದು ಕವಿರಾಜಮಾರ್ಗಕಾರನು ಕ್ರಿ. ಶ. 850ರ ಸುಮಾರಿನಲ್ಲಿಯೇ ಹೇಳಿದನಷ್ಟೆ. ಅವನೂ ಯಾವುದೋ ಸಂತೆಯಲ್ಲಿ ಚೀಲ ಹಿಡಿದು ನಿಂತಿದ್ದನೋ ಏನೋ!

"ಆದರೆ ದಿನಾ ಬರೆದರೆ ಪದ್ಯ ಅಗ್ಗವಾಗುವುದಿಲ್ಲವೇ? ಪ್ರತಿಭೆ ಎಂಬುದು ಗಡಿಯಾರ ನೋಡಿ ಬರುತ್ತದೆಯೇ?" ಎಂದು ನನ್ನ ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ತಿರುಳಿದೆ. ಎಲ್ಲ ದಿನವೂ ದೊಡ್ಡ ಕಾವ್ಯ ಬರುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಐವತ್ತೆಂಟು ಅಡಿಯ ಗೊಮ್ಮಟನ ಮುಂದೆ ನಿಂತು, 1180ರ ಸುಮಾರಿನಲ್ಲಿ ಬೊಪ್ಪಣಪಂಡಿತನು ಕಲ್ಲಿನಲ್ಲಿ ಕೆತ್ತುವಂಥ ಪದ್ಯಗಳನ್ನು ರಚಿಸಿದ. ಅಂಥ ಪದ್ಯಕ್ಕೆ ಅಂಥ ವಸ್ತುವೂ ಬೇಕು, ಅಂಥ ಕವಿಯೂ ಬೇಕು. ನನ್ನದು ಸೀಮೆಸುಣ್ಣದಲ್ಲಿ ಬರೆಯುವ ಪದ್ಯ. ಡಿ.ವಿ.ಜಿ.ಯವರು 1943ರಲ್ಲಿ ಪ್ರಕಟಿಸಿದ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದುತ್ತ ಹೋದರೂ ಎರಡು ವರ್ಷ ಏಳು ತಿಂಗಳು ಬೇಕು. ಅದನ್ನು ನೆನೆದಾಗ ನನ್ನ ಸೀಮೆಸುಣ್ಣ ತಾನಾಗಿ ತಲೆ ತಗ್ಗಿಸುತ್ತದೆ.

ಆದರೂ ಆಕ್ಷೇಪಕ್ಕೆ ಒಂದು ಉತ್ತರವಿದೆ. ಪಂಡಿತ ಪರೀಕ್ಷೆಗೆ ಓದುವಾಗ ನಾವೆಲ್ಲ ಗಟ್ಟಿಮಾಡಿದ ಪಾಠ ಅದು. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಕಾವ್ಯಕ್ಕೆ ಮೂರು ಸಾಮಗ್ರಿ ಹೇಳುತ್ತಾನೆ: ಶಕ್ತಿ, ನಿಪುಣತೆ, ಅಭ್ಯಾಸ. ಶಕ್ತಿ ಹುಟ್ಟಿನಿಂದ ಬಂದುದು. ಅದು ನಮ್ಮ ಕೈಯಲ್ಲಿಲ್ಲ. ಅಭ್ಯಾಸ ಪೂರಾ ನಮ್ಮ ಕೈಯಲ್ಲಿದೆ. ನಡುವಿನ ನಿಪುಣತೆ ಎಲ್ಲಿಂದ ಬರುತ್ತದೆ? ಲೋಕ, ಶಾಸ್ತ್ರ, ಕಾವ್ಯ ಮೊದಲಾದುವನ್ನು ಚೆನ್ನಾಗಿ ನೋಡುವುದರಿಂದ ಎನ್ನುತ್ತಾನೆ ಮಮ್ಮಟ. ಈ ಪಟ್ಟಿಯಲ್ಲಿ ಮೊದಲು ಬರುವುದು ಲೋಕ ಎಂಬುದನ್ನು ನಾನು ನೂರು ಸಲ ಪಾಠ ಹೇಳಿದ್ದೇನೆ. ಆದರೆ ಪಾಠ ಹೇಳುವುದು ಬೇರೆ, ಪಾಠ ಕಲಿಯುವುದು ಬೇರೆ.

ಈಗ ಆ ಹುಡುಗನ ಮಾತಿಗೆ ಬರುತ್ತೇನೆ.

ಆಗ ನಾನು ಅರಕಲಗೂಡಿನ ಕಡೆ ಇದ್ದೆ. ಅದು ಹೇಮಾವತಿಗೂ ಕಾವೇರಿಗೂ ನಡುವಿನ ಸೀಮೆ. ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪಿನ ಬೇಸಾಯ ಹೆಚ್ಚು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ ಬೆಳಗಿನ ಪಾಠದಲ್ಲಿಯೇ ತೂಕಡಿಸುತ್ತಿದ್ದ. ಒಂದು ದಿನವಲ್ಲ, ಎರಡು ದಿನವಲ್ಲ, ವಾರವೆಲ್ಲ. ಆ ದಿನ ನನಗೆ ವಿಷಯ ಹೊಳೆದಿರಲಿಲ್ಲ. ಕಣ್ಣೆದುರಿಗೆ ಅವನಿದ್ದ. ಅವನ ನಿದ್ದೆಯನ್ನು ಕುಂಭಕರ್ಣನ ನಿದ್ದೆಗೆ ಹೋಲಿಸಿ ನಾಲ್ಕು ಸಾಲು ಬರೆದೆ. ಹೆಸರು ಹಾಕಲಿಲ್ಲ; ಹಾಕಬೇಕಾಗಿಯೂ ಇರಲಿಲ್ಲ. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆ ಪದ್ಯವನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಛಂದಸ್ಸು ಸರಿಯಾಗಿತ್ತು. ಬೇರೆ ಯಾವುದೂ ಸರಿಯಾಗಿರಲಿಲ್ಲ.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಹಾಜರಿಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೆರೆ ಎಳೆಯುವಾಗ ಕೈ ನಿಂತಿತು. ಸಂಜೆ ಅವನ ಹಳ್ಳಿಗೆ ಹೋದೆ.

ಹೊಗೆಸೊಪ್ಪನ್ನು ಕಿತ್ತು ತಂದು, ಕಡ್ಡಿಗಳಿಗೆ ಪೋಣಿಸಿ, ಎತ್ತರವಾದ ಮುಚ್ಚಿದ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಜನ ಅದನ್ನು ಬ್ಯಾರನ್ ಎನ್ನುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಕೊಳವೆಗಳ ಮೂಲಕ ಒಳಕ್ಕೆ ಬಿಸಿ ಕೊಡುತ್ತಾರೆ. ಮೊದಲು ಸೊಪ್ಪು ಹಳದಿಯಾಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಆಮೇಲೆ ಎಲೆ ಒಣಗಬೇಕು, ಕಡೆಗೆ ನಡುವಿನ ದಂಟು ಒಣಗಬೇಕು. ಹಂತಹಂತವಾಗಿ ಶಾಖ ಏರಿಸುತ್ತ ಐದಾರು ದಿನ, ಹಗಲೂ ರಾತ್ರಿ, ಬೆಂಕಿಯ ಹತ್ತಿರ ಯಾರಾದರೊಬ್ಬರು ಎಚ್ಚರವಾಗಿರಬೇಕು. ಉರಿ ಇಳಿದರೂ ಕೆಟ್ಟಿತು, ಏರಿದರೂ ಕೆಟ್ಟಿತು. ಸೊಪ್ಪು ಕೆಟ್ಟರೆ ಹರಾಜಿನಲ್ಲಿ ಬೆಲೆಯಿಲ್ಲ. ವರ್ಷದ ಸಾಲ ಹಾಗೆಯೇ ಉಳಿಯುತ್ತದೆ.

ಹುಡುಗನ ತಾಯಿ ಚಾಪೆ ಹಾಸಿ ಕೂರಿಸಿದಳು. "ಮಲಗವ್ನೆ ಸಾ. ರಾತ್ರಿಯೆಲ್ಲ ಬೆಂಕಿ ತಾವಿದ್ದ. ಅವರಪ್ಪಂಗೆ ಮೈ ಸರಿಯಿಲ್ಲ. ಇಸ್ಕೂಲ್ಗೆ ಹೋಗು ಅಂದ್ರೆ ಯಾಕೋ ಬ್ಯಾಡ ಅಂತಾನೆ" ಎಂದಳು. ಏಕೆ ಬೇಡವೆನ್ನುತ್ತಾನೆಂಬುದು ಆ ತಾಯಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಆಕೆ ಕೊಟ್ಟ ಕಾಫಿ ಗಂಟಲಿನಲ್ಲಿ ಇಳಿಯಲಿಲ್ಲ. ಎಬ್ಬಿಸಬೇಡವೆಂದು ಹೇಳಿ, ತಪ್ಪು ನನ್ನದೆಂದೂ ನಾಳೆ ಅವನನ್ನು ಕಳಿಸಬೇಕೆಂದೂ ಕೇಳಿಕೊಂಡು ಬಂದೆ.

ಮರುದಿನ ಹಲಗೆಯ ಮೇಲೆ ಬರೆದದ್ದು ಇದು:

ಇರುಳೆಲ್ಲ ಬೆಂಕಿಯನು ಕಣ್ಣೆರಡು ಕಾದಿತ್ತು;
ಪಾಠದಲಿ ಹಗಲೊಮ್ಮೆ ರೆಪ್ಪೆಯನು ಮುಚ್ಚಿತ್ತು.
ಮುಚ್ಚಿದ್ದು ನಿನದಲ್ಲ, ನನ್ನದೇ ಕಣ್ಣೆಂದು
ಹಲಗೆಯಲಿ ಬರೆಯುತಿಹೆ, ಓದಯ್ಯ ನೀನಿಂದು.

ಹುಡುಗ ಬಂದಿದ್ದ. ಓದಿದ. ಮುಖದಲ್ಲಿ ಏನೂ ಕಾಣಲಿಲ್ಲ. ತರಗತಿ ಈ ಸಲ ನಗಲಿಲ್ಲ. ಹಾಗೆಯೇ ಬ್ಯಾರನ್ ಕಾಯುವ ಮನೆಗಳವರು ಇನ್ನೂ ನಾಲ್ಕೈದು ಮಂದಿ ಆ ಕೋಣೆಯಲ್ಲಿದ್ದರೆಂಬುದು ಆ ಮೌನದಲ್ಲಿ ನನಗೆ ಮೊದಲ ಬಾರಿಗೆ ಗೊತ್ತಾಯಿತು. ಸಂಜೆ ಎಲ್ಲರೂ ಹೋದ ಮೇಲೆ ಹುಡುಗ ಬಾಗಿಲ ಹತ್ತಿರ ನಿಂತು, "ಸಾರ್, ಒಂದು ತಪ್ಪೈತೆ" ಎಂದ. "ಏನಪ್ಪಾ?" ಎಂದೆ. "ಬರೀ ಕಣ್ಣಲ್ಲಿ ಬೆಂಕಿ ಕಾಯಕ್ಕಾಗಲ್ಲ ಸಾರ್. ಥರ್ಮಾಮೀಟ್ರು ನೋಡ್ಕೊಂಡು ಸೌದೆ ಹಾಕ್ಬೇಕು." ಇಷ್ಟು ಹೇಳಿ ಓಡಿಹೋದ. ನನ್ನ ಪದ್ಯಗಳಿಗೆ ದೊರೆತ ವಿಮರ್ಶೆಗಳಲ್ಲಿ ಇದಕ್ಕಿಂತ ನಿಖರವಾದುದು ಮತ್ತೊಂದಿಲ್ಲ. ಒಂದು ರಾತ್ರಿಯಾದರೂ ಆ ಒಲೆಯ ಮುಂದೆ ಕೂತಿದ್ದರೆ ಆ ಮಾತು ನನಗೇ ಹೊಳೆಯುತ್ತಿತ್ತು.

ಆ ವರ್ಷ ಅವನು ಶಾಲೆ ಬಿಡಲಿಲ್ಲ. ಸೊಪ್ಪು ಬೇಯಿಸುವ ದಿನಗಳಲ್ಲಿ ಮೊದಲ ಪಾಠದ ಹೊತ್ತಿಗೆ ಅವನು ಮಲಗಿದರೆ ಯಾರೂ ಎಬ್ಬಿಸಬಾರದೆಂದು ನಾವೇ ಒಂದು ಒಪ್ಪಂದ ಮಾಡಿಕೊಂಡೆವು. ಪಾಠವನ್ನು ಮಧ್ಯಾಹ್ನ ಪಕ್ಕದ ಬೆಂಚಿನವನು ಹೇಳಿಕೊಡುತ್ತಿದ್ದ. ಇದು ಪದ್ಯದ ಮಹಿಮೆಯೆಂದು ನಾನು ಹೇಳುವುದಿಲ್ಲ. ಪದ್ಯವೇ ಅವನನ್ನು ಹೊರಗಟ್ಟಿತ್ತು. ಅವನ ಮನೆಯ ತನಕ ಹೋಗಿ ನೋಡಿದ ಮೇಲೆ ಬರೆದ ಪದ್ಯ ಒಳಕ್ಕೆ ಕರೆಯಿತು. ವ್ಯತ್ಯಾಸ ಇದ್ದದ್ದು ಛಂದಸ್ಸಿನಲ್ಲಿ ಅಲ್ಲ, ನೋಟದಲ್ಲಿ.

ಅಲ್ಲಿಂದೀಚೆಗೆ ನಾನು ನಾಲ್ಕು ನಿಯಮ ಇಟ್ಟುಕೊಂಡಿದ್ದೇನೆ. ಒಂದು, ಕಂಡದ್ದನ್ನು ಬರೆಯಬೇಕು, ಕಂಡೆನೆಂದು ಭಾವಿಸಿದ್ದನ್ನಲ್ಲ. ಎರಡು, ಎದುರು ಮಾತನಾಡಲಾಗದವರನ್ನು ಕುರಿತು ಹಾಸ್ಯ ಮಾಡಬಾರದು. ಹಾಸ್ಯಕ್ಕೆ ಯಾರೂ ಸಿಕ್ಕದಿದ್ದರೆ ಮೇಷ್ಟರು ಇದ್ದೇ ಇದ್ದಾರೆ. ಮೂರು, ಬರೆದುದನ್ನು ಗಟ್ಟಿಯಾಗಿ ಓದಬೇಕು. ಕಣ್ಣಿಗೆ ತಪ್ಪಿಸಿಕೊಂಡ ಸುಳ್ಳು ಕಿವಿಗೆ ಸಿಕ್ಕಿಬೀಳುತ್ತದೆ. ನಾಲ್ಕು, ನಾಲ್ಕು ಸಾಲಿಗೆ ನಿಲ್ಲಬೇಕು. ಐದನೆಯ ಸಾಲಿನಲ್ಲಿ ಉಪದೇಶ ಆರಂಭವಾಗುತ್ತದೆ.

"ಇದರಿಂದ ಆಗುವುದೇನು?" ಎಂಬ ಪ್ರಶ್ನೆಗೆ ನನ್ನ ಉತ್ತರ ಈಗ ನಿಮಗೆ ತಿಳಿದಿರಬಹುದು. ನಾಳೆ ಬೆಳಗ್ಗೆ ನಾಲ್ಕು ಸಾಲು ಬರೆಯಬೇಕೆಂದು ಗೊತ್ತಿದ್ದವನು ಇಂದು ಸಂಜೆ ಸ್ವಲ್ಪ ಹೆಚ್ಚು ನೋಡುತ್ತಾನೆ. ಹೊಳೆನರಸೀಪುರದ ಸೇತುವೆಯ ಮೇಲೆ ನಿಂತು ಹೇಮಾವತಿಯ ನೀರು ಎಷ್ಟು ಏರಿದೆ ಎಂದು ನೋಡುತ್ತಾನೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ದೇವಿಯನ್ನೂ ನೋಡುತ್ತಾನೆ, ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಂಡ ಮುದುಕಿಯನ್ನೂ ನೋಡುತ್ತಾನೆ. ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಗದ್ಯದಲ್ಲಿ ಮಾಡಿದ ಕೆಲಸವೂ ಅದೇ. ತಮ್ಮ ಊರನ್ನೂ ಹೇಮಾವತಿಯ ದಡವನ್ನೂ ಅವರು ಪ್ರೀತಿಯಿಂದ ದಿಟ್ಟಿಸಿದರು. ಹಳ್ಳಿಯ ದಿನನಿತ್ಯದ ಬಾಳು ಕನ್ನಡದ ಸಾಹಿತ್ಯವಾಯಿತು.

ವಾಚಕರೇ, ನೀವು ಉಪಾಧ್ಯಾಯರಾಗಿರಬೇಕಾಗಿಲ್ಲ, ಪಂಡಿತರೂ ಆಗಿರಬೇಕಾಗಿಲ್ಲ. ಬೆಳಗ್ಗೆ ರೇಡಿಯೋ ಹಾಕಿದ ಮೇಲೆ ವಾರ್ತೆ ಆರಂಭವಾಗುವ ತನಕ ಎಷ್ಟು ಹೊತ್ತಿದೆಯೋ ಅಷ್ಟು ಸಾಕು. ಒಂದು ಕಾಗದ, ಎಣಿಸಲು ಐದು ಬೆರಳು. ಗಣಕ್ಕೆ ಐದು ಮಾತ್ರೆ, ಕೈಗೆ ಐದು ಬೆರಳು; ಇದಕ್ಕಿಂತ ಅನುಕೂಲ ಬೇರೆ ಬೇಕೆ? ಆರಂಭಕ್ಕೆ ಎರಡು ಸಾಲು ನಾನೇ ಕೊಡುತ್ತೇನೆ:

ಅಡಿಗೆಮನೆ ಕಿಟಕಿಯಲಿ ಬೆಳಕಿನ್ನು ಬಂದಿಲ್ಲ;
ಹಾಲಿನವ ಕೂಗಿದನು, ಪಾತ್ರೆಯೇ ಸಿಕ್ಕಿಲ್ಲ.

ಇನ್ನೆರಡು ಸಾಲನ್ನು ನಾನು ಬರೆಯಲಾರೆ. ನಿಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಯಾರು ಎದ್ದಿರುತ್ತಾರೆ, ಯಾರು ಪಾತ್ರೆ ಹುಡುಕುತ್ತಾರೆ, ಅವರು ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದರು ಎಂಬುದು ನನಗೆ ತಿಳಿಯದು. ನಾಳೆ ಬೆಳಗ್ಗೆ ಸ್ವಲ್ಪ ನೋಡಿ, ಆಮೇಲೆ ಬರೆಯಿರಿ.